ಗೀಳಿಗೆ 'ಆಯಿತು' ಎಂಬ ಮಾತಿಲ್ಲ

ಮಡಿ, ಮೈಲಿಗೆ, ಮುಸುರೆ ಎಂಬ ಮಾತುಗಳ ನಡುವೆಯೇ ಬೆಳೆದವರು ನಾವು. ಊರು ಬಿಟ್ಟು ಕಾಚಿಗೂಡಕ್ಕೆ ಬಂದು ನೆಲೆಸಿದ ಮೇಲೂ ನಮ್ಮ ಹಿರಿಯರಲ್ಲಿ ಕೆಲವರು ಆ ಪದ್ಧತಿ ಬಿಟ್ಟಿಲ್ಲ. ಹೀಗಾಗಿ ಮನೆಯಲ್ಲಿ ಯಾರಾದರೂ ಗಳಿಗೆಗೊಮ್ಮೆ ಕೈ ತೊಳೆಯುತ್ತಿದ್ದರೆ, 'ಅವರಿಗೆ ಮಡಿ ಸ್ವಲ್ಪ ಜಾಸ್ತಿ' ಎಂದು ನಕ್ಕು ಸುಮ್ಮನಾಗುವುದು ವಾಡಿಕೆ. ಆದರೆ ಮಡಿಗೂ ಗೀಳಿಗೂ ದೊಡ್ಡ ಅಂತರವಿದೆ. ಮಡಿಗೆ ಕೊನೆಯುಂಟು, ಸ್ನಾನವಾಯಿತು, ಪೂಜೆಯಾಯಿತು, ಊಟವಾಯಿತು, ಅಲ್ಲಿಗೆ ಮುಗಿಯಿತು. ಗೀಳಿಗೆ 'ಆಯಿತು' ಎಂಬ ಮಾತೇ ಇಲ್ಲ.

ನಮ್ಮ ಅತ್ತಿಗೆಯವರನ್ನು ನೋಡಿ ನಾವು ಇದನ್ನು ಕಲಿತೆವು. ಅಂಗಡಿಯಿಂದ ಚಿಲ್ಲರೆ ತಂದರೆ ಕೈ ತೊಳೆಯುವರು. ತೊಳೆದ ಮೇಲೆ ನಲ್ಲಿಯನ್ನು ತೊಳೆಯುವರು. ನಲ್ಲಿ ಮುಟ್ಟಿದ್ದಕ್ಕೆ ಮತ್ತೆ ಕೈ ತೊಳೆಯುವರು. ಹಿಡಿದಿಟ್ಟ ನೀರು ಬೆಳಿಗ್ಗೆ ಹತ್ತಕ್ಕೇ ಖಾಲಿ. ಬೆರಳ ಸಂದಿಯಲ್ಲಿ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. 'ಇದಕ್ಕೆ ಅರ್ಥವಿಲ್ಲವೆಂದು ನನಗೂ ಗೊತ್ತು, ಆದರೆ ಮನಸ್ಸು ಒಪ್ಪುವುದಿಲ್ಲ' ಎಂದು ಅವರೇ ಅಳುತ್ತಿದ್ದರು. ಇನ್ನು ಕೆಲವರಿಗೆ ಬೀಗ, ಗ್ಯಾಸ್ ಒಲೆಗಳನ್ನು ಮತ್ತೆ ಮತ್ತೆ ನೋಡುವ ಗೀಳು. ಮತ್ತೆ ಕೆಲವರಿಗೆ ದೇವರ ಮುಂದೆ ನಿಂತಾಗಲೇ ಬರಬಾರದ ಯೋಚನೆ ಬರುತ್ತದೆ. ಪಾಪ, ಅವರು ಅದನ್ನು ಯಾರಿಗೂ ಹೇಳಲಾರರು.

'ಗಟ್ಟಿ ಮನಸ್ಸು ಮಾಡಬೇಕು' ಎಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಆದರೆ ತೊಡಕು ಇರುವುದು ಮಿದುಳಿನ ಒಂದು ಸುತ್ತುದಾರಿಯಲ್ಲಿ ಎಂಬುದು ವಿಜ್ಞಾನಿಗಳ ಇಂದಿನ ಮುಖ್ಯ ವಿವರಣೆ. ಕಣ್ಣುಗುಡ್ಡೆಗಳ ಮೇಲ್ಭಾಗಕ್ಕೆ, ಹಣೆಯ ಹಿಂದೆ ಇರುವ ಆರ್ಬಿಟೋಫ್ರಾಂಟಲ್ ಕಾರ್ಟೆಕ್ಸ್ ಎಂಬ ಭಾಗ 'ಏನೋ ಸರಿಯಿಲ್ಲ' ಎಂದು ಎಚ್ಚರಿಸುತ್ತದೆ. ಆ ಸುದ್ದಿ ಮಿದುಳಿನ ಒಳಗಿರುವ ಕಾಡೇಟ್ ಎಂಬ ಗಂಟಿಗೆ ಹೋಗಿ, ಅಲ್ಲಿಂದ ಥಾಲಮಸ್ ಮೂಲಕ ಮತ್ತೆ ಹಣೆಯ ಭಾಗಕ್ಕೇ ಮರಳುತ್ತದೆ. ಈ ದಾರಿಯಲ್ಲಿ 'ಹೋಗು' ಎನ್ನುವ ಎಳೆಯೂ ಇದೆ, 'ನಿಲ್ಲು' ಎನ್ನುವ ಎಳೆಯೂ ಇದೆ. ಗೀಳಿನಲ್ಲಿ ಮೊದಲನೆಯದರ ಕೈ ಮೇಲಾಗುತ್ತದೆ. ನಮ್ಮ ಕಾಚಿಗೂಡ ಸ್ಟೇಷನ್ನಿನಲ್ಲಿ ಗಾಡಿ ಹೊರಟುಹೋದ ಮೇಲೂ ಗಂಟೆ ಬಾರಿಸುತ್ತಲೇ ಇದ್ದರೆ ಹೇಗೋ ಹಾಗೆ. ಕೈ ಶುಭ್ರವಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಗಂಟೆ ಮಾತ್ರ ನಿಲ್ಲುವುದಿಲ್ಲ.

ಚಿಕಿತ್ಸೆಗೆ ಎರಡು ದಾರಿ. ಒಂದು, ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಫ್ಲೂಆಕ್ಸೆಟಿನ್, ಸರ್ಟ್ರಲಿನ್ ಮುಂತಾದ ಔಷಧಗಳು. ಇವುಗಳ ಗುಣ ಪೂರ್ತಿ ತಿಳಿಯಲು 8ರಿಂದ 12 ವಾರ ಬೇಕು. ಹದಿನೈದು ದಿನಕ್ಕೇ ಬೇಸತ್ತು ಬಿಡಬಾರದು. ಇನ್ನೊಂದು, ಅಂಜಿಕೆಗೆ ಮುಖ ಕೊಟ್ಟು ನಿಂತು, ಗೀಳಿನ ಕೆಲಸವನ್ನು ಮಾಡದೆ ತಡೆಯುವ ವರ್ತನ ಚಿಕಿತ್ಸೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇದರ ಮೊದಲ ವರದಿ ಬರೆದರು. ಅತ್ತಿಗೆಯವರು ನಾಣ್ಯ ಮುಟ್ಟಿ, ಕೈ ತೊಳೆಯದೆ ಕೂಡಬೇಕು. ಮೊದಲು ಎದೆ ಡವಗುಟ್ಟುತ್ತದೆ, ಬೆವರುತ್ತದೆ. ಕಾದರೆ ತಳಮಳ ತಾನಾಗಿ ಇಳಿಯುತ್ತದೆ. ಇದನ್ನು ಸುಲಭದ್ದರಿಂದ ಕಷ್ಟದ್ದಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಮಾಡಿಸುತ್ತಾರೆ.

ಕೂತು ಕಾಯುವುದೂ ಒಂದು ಔಷಧವೇ ಎಂದು ಹುಬ್ಬೇರಿಸುವವರು ಇದನ್ನು ಗಮನಿಸಬೇಕು. 1992ರಲ್ಲಿ ಅಮೆರಿಕದ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಕೆಲವು ರೋಗಿಗಳಿಗೆ ಫ್ಲೂಆಕ್ಸೆಟಿನ್ ಕೊಟ್ಟು, ಕೆಲವರಿಗೆ ವರ್ತನ ಚಿಕಿತ್ಸೆ ಮಾತ್ರ ನೀಡಿ, ಮಿದುಳಿನ ಚಿತ್ರ ತೆಗೆದರು. ಎರಡು ಗುಂಪಿನಲ್ಲೂ ಗುಣ ಕಂಡವರ ಬಲಗಡೆಯ ಕಾಡೇಟ್‌ನ ಅತಿ ಚಟುವಟಿಕೆ ಇಳಿದಿತ್ತು. ಮನುಷ್ಯನ ಅಭ್ಯಾಸ ಮಿದುಳನ್ನೂ ತಿದ್ದಬಲ್ಲದು ಎಂದಾಯಿತು.

ಇಲ್ಲಿ ಮನೆಯವರ ಪಾತ್ರ ದೊಡ್ಡದು. 'ಕೈ ಶುದ್ಧವಾಯಿತೇ?' ಎಂದು ಕೇಳಿದಾಗ 'ಆಯಿತಮ್ಮ' ಎನ್ನುವುದು ಪ್ರೀತಿಯ ಮಾತೇ. ಆದರೆ ಆ ಸಮಾಧಾನ ಒಂದು ಗಳಿಗೆಯದು. ಮರುಗಳಿಗೆಯೇ ಗೀಳು ಮತ್ತೆ ಕೇಳುತ್ತದೆ. ಚಿಕಿತ್ಸೆಯಲ್ಲಿ ಮನೆಯವರಿಗೂ ಪಾಠವಿದೆ: ಬೈಯಬಾರದು, ಉತ್ತರವನ್ನೂ ಕೊಡಬಾರದು. 'ನಿಮಗೆ ಕಷ್ಟವಾಗುತ್ತಿದೆ, ನಾವು ಜತೆಗೆ ಕೂತಿರುತ್ತೇವೆ' ಎಂದಷ್ಟೇ ಹೇಳಬೇಕು. ಹೇಳುವುದು ಸುಲಭ; ಅಳುವವರ ಎದುರು ಸುಮ್ಮನೆ ಕೂಡುವುದು ಕಷ್ಟ. ಆರು ತಿಂಗಳಲ್ಲಿ ಅತ್ತಿಗೆಯವರ ಕೈಯ ಗಾಯ ಮಾಯಿತು. ಗೀಳು ಪೂರಾ ಹೋಗಿಲ್ಲ, ಆದರೆ ಈಗ ಮನೆ ಅದರ ಮಾತು ಕೇಳಿ ನಡೆಯುವುದಿಲ್ಲ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 0.8ರಷ್ಟು ಮಂದಿಯಲ್ಲಿ ಈ ಕಾಯಿಲೆ ಕಂಡಿತು. ನಮ್ಮ ಸಂಘದ ಮನೆಗಳೂ ಇದಕ್ಕೆ ಹೊರತಲ್ಲ. ಈ ಊರಲ್ಲಿ 'ಎರ್ರಗಡ್ಡಕ್ಕೆ ಹೋಗು' ಎಂಬುದು ಬೈಗುಳ; ಆ ಹೆಸರಿಗಂಜಿ ಅಲ್ಲಿನ ಸರಕಾರಿ ಮಾನಸಿಕ ಆಸ್ಪತ್ರೆಯ ಬಾಗಿಲಿಗೆ ಹೋಗದವರೆಷ್ಟೋ! ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೇ ಪ್ರತ್ಯೇಕ ವಿಭಾಗವಿದೆ. ಕಾಚಿಗೂಡದಿಂದ ಒಂದು ರಾತ್ರಿಯ ರೈಲು ಪ್ರಯಾಣ. ಮನಸ್ಸಿನ ಗುಟ್ಟನ್ನು ತೆಲುಗಿನಲ್ಲೋ ಉರ್ದುವಿನಲ್ಲೋ ಹೇಳಲು ನಾಲಿಗೆ ತಡವರಿಸುವವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಕೈ ತೊಳೆಯುವವರನ್ನು ನೋಡಿ ನಗುವ ಮೊದಲು ಅವರ ಕೈಬೆರಳನ್ನೊಮ್ಮೆ ನೋಡೋಣ.