ಹೈದರಾಬಾದಿನಲ್ಲಿ ನಾಲ್ಕು ದಿನ

ನಮ್ಮ ಕಿರಿಯ ಮಗಳಿಗೆ ಸಂಬಂಧವೊಂದು ಕೂಡಿಬರುವಂತಿದ್ದಾಗ ವರನ ತಾಯಿಯವರು ಒಂದೇ ಒಂದು ಪ್ರಶ್ನೆಯನ್ನು ಹೇಳಿ ಕಳುಹಿಸಿದರು: "ಹುಡುಗಿ ತಿಂಗಳಿಗೆ ಎಷ್ಟು ದಿನ ಊರಿನಲ್ಲಿರುತ್ತಾಳೆ?"

ಪ್ರಶ್ನೆ ನ್ಯಾಯವಾದುದೇ. ನಮ್ಮ ಮಗಳು ಬೆಂಗಳೂರಿನ ಒಂದು ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಸಂಸ್ಥೆಯಲ್ಲಿ ಉದ್ಯೋಗದಲ್ಲಿರುವಳು. ದೊಡ್ಡ ಕಂಪನಿಗಳವರು ತಮ್ಮ ವ್ಯವಹಾರದಲ್ಲಿ ತೊಡಕನ್ನು ಕಂಡಾಗ ಹೊರಗಿನವರನ್ನು ಕರೆಯಿಸಿ ಸಲಹೆ ಕೇಳುವುದುಂಟು. ಹಾಗೆ ಹೋಗಿ, ಲೆಕ್ಕಪತ್ರಗಳನ್ನು ನೋಡಿ, ಮೇಲಿನವರನ್ನೂ ಕೆಳಗಿನವರನ್ನೂ ವಿಚಾರಿಸಿ, "ಹೀಗೆ ಮಾಡಿರಿ" ಎಂದು ಹೇಳಿ ಬರುವುದು ಅವಳ ಕಸಬು. ಕಸಬು ತೀರ ಹೊಸದಲ್ಲ. ಅಮೆರಿಕದಲ್ಲಿ ಆರ್ಥರ್ ಲಿಟಲ್ ಎಂಬವರು 1886ರಲ್ಲಿಯೂ ಜೇಮ್ಸ್ ಮೆಕಿನ್ಸೆ ಎಂಬವರು 1926ರಲ್ಲಿಯೂ ಸ್ಥಾಪಿಸಿದ ಸಂಸ್ಥೆಗಳು ಈಗಲೂ ಇವೆ. ಮಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಸಂಸ್ಥೆಯವರು "ಪ್ರಯಾಣ ಶೇಕಡ 50" ಎಂದು ಬರೆದು ತಿಳಿಸಿದ್ದರು. ಅರ್ಧವೆಂದ ಮೇಲೆ ತಿಂಗಳಿಗೆ ಹದಿನೈದು ದಿನವೆಂದು ನಾವು ಉತ್ತರ ಬರೆಯಲು ಕುಳಿತೆವು. ಮಗಳು ನಕ್ಕು, "ಅಪ್ಪಾ, ಅದು ಹಾಗಲ್ಲ. ಒಂದು ವಾರ ನನ್ನೊಡನೆ ಬಂದು ನೋಡಿ, ಆಮೇಲೆ ಬರೆಯಿರಿ" ಎಂದಳು.

ಅದರಂತೆ ಒಂದು ಸೋಮವಾರ ಪ್ರಾತಃಕಾಲ ನಾಲ್ಕು ಗಂಟೆಗೆ ಬಸವನಗುಡಿಯ ಮನೆಯನ್ನು ಬಿಟ್ಟೆವು. ದೇವನಹಳ್ಳಿಯ ಬಳಿ 2008ರಲ್ಲಿ ತೆರೆದ ವಿಮಾನನಿಲ್ದಾಣವು ಊರಿನಿಂದ ಬಹು ದೂರ. ಆಕಾಶದಲ್ಲಿ ಕಳೆಯುವ ಕಾಲಕ್ಕಿಂತ ನೆಲದ ಮೇಲೆ ಕಳೆಯುವ ಕಾಲವೇ ಹೆಚ್ಚು. ಹೊಸ ಕಟ್ಟಡದಲ್ಲಿ ಬಿದಿರಿನ ಚಾವಣಿ, ಮೇಲಿನಿಂದ ಇಳಿಬಿಟ್ಟ ಗಿಡಬಳ್ಳಿಗಳು, ನೋಡಲು ರಮಣೀಯವಾಗಿದೆ. ಆದರೆ ಅದನ್ನು ನೋಡುವವರು ನಾವೊಬ್ಬರೇ. ಮಿಕ್ಕವರು, ಇಪ್ಪತ್ತೈದು ಮೂವತ್ತು ವಯಸ್ಸಿನವರು, ಒಂದೊಂದು ಸಣ್ಣ ಗಾಲಿಪೆಟ್ಟಿಗೆಯನ್ನು ಎಳೆದುಕೊಂಡು ತಲೆಯೆತ್ತದೆ ನಡೆಯುತ್ತಿದ್ದರು. ಕಳುಹಿಸಲು ಬಂದವರು ಒಬ್ಬರೂ ಇಲ್ಲ. ನಮ್ಮ ತಾತ ಕಾಶಿಗೆ ಹೊರಟಾಗ ಅರ್ಧ ಊರೇ ಕೆರೆಯ ಏರಿಯವರೆಗೆ ಬಂದಿತ್ತೆಂದು ಕೇಳಿದ್ದೇವೆ. ವಾರವಾರವೂ ಹೊರಡುವವರನ್ನು ಯಾರು ತಾನೆ ಕಳುಹಿಸಿಯಾರು!

ಒಂದೂಕಾಲು ಗಂಟೆಯೊಳಗಾಗಿ ಹೈದರಾಬಾದಿನ ಹೊರಗಿನ ಶಂಷಾಬಾದಿನಲ್ಲಿ ಇಳಿದೆವು. ಅಲ್ಲಿಂದ ಗಚ್ಚಿಬೌಲಿಯ ಕಡೆಗೆ ಹೋಗುವಾಗ ದಾರಿಯಲ್ಲಿ ಹೆಬ್ಬಂಡೆಗಳು ಒಂದರ ಮೇಲೊಂದು ನಿಂತಿರುವುದನ್ನು ಕಂಡು ನಮಗೆ ಚಿತ್ರದುರ್ಗದ ನೆನಪಾಯಿತು. ಆ ಬಂಡೆಗಳನ್ನು ಒಡೆದೊಡೆದು ಅವುಗಳ ನಡುವೆ ಗಾಜಿನ ಸೌಧಗಳನ್ನು ಎಬ್ಬಿಸಿದ್ದಾರೆ. ನಮಗೆ ಪಕ್ಕದ ಕೋಣೆಯನ್ನು ನಮ್ಮ ಖರ್ಚಿನಲ್ಲಿಯೇ ಗೊತ್ತುಮಾಡಿದ್ದಾಯಿತು. ಅದರ ಬಾಡಿಗೆಯನ್ನು ಇಲ್ಲಿ ಬರೆದರೆ ನಮ್ಮ ಸಹಧರ್ಮಿಣಿ ಓದುವ ಭಯವಿದೆ. ಅದು ಮಗಳಿಗೆ ಒಂಬತ್ತನೆಯ ವಾರ. ಹೋಟೆಲಿನ ಹುಡುಗನು ಕೇಳದೆಯೇ ಅವಳಿಗೆ ಸಕ್ಕರೆಯಿಲ್ಲದ ಕಾಫಿಯನ್ನು ತಂದಿಟ್ಟನು. ಮಗಳು ಸಕ್ಕರೆಯನ್ನು ಬಿಟ್ಟಿದ್ದಾಳೆಂಬುದು ನಮಗೆ ತಿಳಿದದ್ದು ಆಗಲೇ.

ಬೆಳಗ್ಗೆ ಎಂಟೂವರೆಗೆ ಹೊರಟವಳು ರಾತ್ರಿ ಹತ್ತಕ್ಕೆ ಬಂದಳು. ಮಂಗಳವಾರವೂ ಹಾಗೆಯೇ. ಒಂಬತ್ತು ವಾರಗಳಲ್ಲಿ ಚಾರ್‌ಮಿನಾರನ್ನು ನೋಡಿದೆಯಾ ಎಂದು ಕೇಳಿದರೆ ಇಲ್ಲವೆಂದಳು. ಪ್ರವಾಸವೆಂಬ ಪದವನ್ನು ಈಗ ನಾವು ದೇಶ ನೋಡಿಬರುವ ಅರ್ಥದಲ್ಲಿ ಬಳಸುತ್ತೇವೆ. ಮೂಲದಲ್ಲಿ ಅದು 'ವಸ್' ಧಾತುವಿನಿಂದ ಬಂದದ್ದು, ಮನೆಯನ್ನು ಬಿಟ್ಟು ಬೇರೆಡೆ ವಾಸಮಾಡುವುದೆಂದಷ್ಟೇ ಅದರ ಅರ್ಥ. ಅಲಂಕಾರಶಾಸ್ತ್ರದ ಪ್ರೋಷಿತಭರ್ತೃಕೆಯೂ ಅದೇ ಧಾತುವಿನವಳೇ, ಗಂಡನು ಪರಸ್ಥಳದಲ್ಲಿರುವವಳು. ಮಗಳದು ಶುದ್ಧ ಧಾತ್ವರ್ಥದ ಪ್ರವಾಸ. ವಿರಹಪಡುವ ಸರದಿ ಮಾತ್ರ ಈಗ ಭರ್ತೃವಿನದಾಗುವಂತಿತ್ತು.

ಬುಧವಾರ ನಾವು ಒಬ್ಬರೇ ಗಂಡಿಪೇಟೆಯ ಜಲಾಶಯಕ್ಕೆ ಹೋದೆವು. ಕನ್ನಡಿಗರು ಹೈದರಾಬಾದಿಗೆ ಹೋದರೆ ನೋಡಲೇಬೇಕಾದ ಸ್ಥಳವಿದು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ನಗರದಲ್ಲಿ ಸಹಸ್ರಾರು ಜನರು ಮಡಿದರು. ಮುಂಬಯಿ ಸರಕಾರದ ಕೆಲಸದಿಂದ ನಿವೃತ್ತರಾಗಿ ವಿದೇಶಸಂಚಾರದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರಕಾರದವರು ಸಲಹೆಗಾಗಿ ಕರೆಯಿಸಿಕೊಂಡರು. ನಗರದ ಮೇಲ್ಭಾಗದಲ್ಲಿಯೇ ನೀರನ್ನು ತಡೆಯಬೇಕೆಂದು ಅವರು ಯೋಜನೆಯನ್ನು ಕೊಟ್ಟು, 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು. ಗಂಡಿಪೇಟೆಯ ಉಸ್ಮಾನ್ ಸಾಗರವು ಮುಗಿದದ್ದು 1920ರಲ್ಲಿ. ಅದರ ಜೊತೆಯ ಹಿಮಾಯತ್ ಸಾಗರವು 1927ರಲ್ಲಿ. ಕಟ್ಟೆಯ ಮೇಲೆ ತಣ್ಣನೆಯ ಗಾಳಿಯಲ್ಲಿ ನಿಂತಾಗ, ಸಲಹೆ ಹೇಳಿದವರು ಹೊರಟುಹೋದ ಮೇಲೆ ಎಷ್ಟೋ ವರ್ಷಕ್ಕೆ ಕೆಲಸವು ಮುಗಿಯಿತಲ್ಲಾ ಎನಿಸಿತು. ರಾತ್ರಿ ಈ ಮಾತನ್ನು ಹೇಳಿದಾಗ ಮಗಳು, "ನಾವು ಬರೆದುಕೊಟ್ಟದ್ದನ್ನು ಅವರು ಮಾಡಿದರೋ ಇಲ್ಲವೋ ಎಷ್ಟೋ ಸಲ ನಮಗೆ ತಿಳಿಯುವುದೇ ಇಲ್ಲ" ಎಂದಳು. ಅವಳ ಮುಖದಲ್ಲಿ ಆಯಾಸವನ್ನು ಕಂಡದ್ದು ಆ ಹೊತ್ತಿನಲ್ಲಿ ಮಾತ್ರ.

ಊಟಕ್ಕೆ ಅವಳ ಸಹೋದ್ಯೋಗಿಗಳು ಮೂವರಿದ್ದರು. ಎಷ್ಟು ತಿರುಗಬೇಕೆಂಬುದು ಒಬ್ಬೊಬ್ಬರಿಗೆ ಒಂದೊಂದು ತೆರ. ಕಂಪನಿಗಳಿಗೆ ಕಂಪ್ಯೂಟರ್ ವ್ಯವಸ್ಥೆಯನ್ನು ಹೂಡಿಕೊಡುವವರು ಒಂದೇ ಊರಿನಲ್ಲಿ ವರ್ಷಗಟ್ಟಲೆ ಬೇರೂರಬೇಕಾಗಬಹುದು. ದೊಡ್ಡ ಕಂಪನಿಗಳ ಮುಖ್ಯ ಕಚೇರಿಗಳು ಬಹಳವಿರುವ ಮುಂಬಯಿಯಲ್ಲಿ ಮನೆಯಿದ್ದವರು ಅದೃಷ್ಟವಿದ್ದರೆ ರಾತ್ರಿ ಮನೆಯಲ್ಲಿಯೇ ಮಲಗುವರು. ಹಿರಿಯರಾದಂತೆ ತಿರುಗಾಟ ತಪ್ಪುವುದೆಂಬುದೂ ಭ್ರಮೆ. ಅವರು ವಾರಕ್ಕೆ ಮೂರು ಊರು, ಊರಿಗೆ ಒಂದು ರಾತ್ರಿ. ಮೊದಲ ಒಂದೆರಡು ವರ್ಷ ಎಲ್ಲಿಗೆ ಕಳುಹಿಸುವರೆಂಬುದರಲ್ಲಿ ಕಿರಿಯರ ಮಾತು ಅಷ್ಟಾಗಿ ನಡೆಯದು. 2020ರ ಮಾರ್ಚಿಯಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳೇ ನಿಂತಾಗ ಎಲ್ಲವೂ ಮನೆಯಿಂದ ನಡೆಯಿತು. ಅಂದಿನಿಂದ ಕೆಲವು ಕಂಪನಿಗಳವರು ವಾರಕ್ಕೆ ಎರಡು ದಿನ ಬಂದರೆ ಸಾಕೆನ್ನುವರು. ಆದರೆ ಮೊದಲ ವಾರ ಮತ್ತು ಕಡೆಯ ವಾರ ಹೋಗದೆ ತೀರದಂತೆ. ಕಾರ್ಖಾನೆಯ ಮೇಸ್ತ್ರಿ ಟೀ ಕುಡಿಯುತ್ತ ಹೇಳುವ ಮಾತನ್ನು ಕಂಪ್ಯೂಟರಿನ ಪರದೆಯ ಎದುರಿಗೆ ಹೇಳುವುದಿಲ್ಲವೆಂದು ಅವರಲ್ಲಿ ಒಬ್ಬ ಹುಡುಗನು ಹೇಳಿದನು. ಈ ಮಾತು ನಮಗೆ ಒಪ್ಪಿಗೆಯಾಯಿತು. ಕಡೆಯ ಬೆಂಚಿನ ಹುಡುಗರೂ ಹಾಗೆಯೇ.

ಗುರುವಾರ ಸಂಜೆಯ ವಿಮಾನವು ಒಂದು ಗಂಟೆ ತಡವಾಯಿತು. ಕಾಯುತ್ತ ಕುಳಿತು ಮಗಳ ಹಿಂದಿನ ವರ್ಷದ ದಿನಚರಿಯನ್ನು ಲೆಕ್ಕಹಾಕಿದೆವು. ಪುಣೆಗೆ 14 ವಾರ, ಚೆನ್ನೈಗೆ 11 ವಾರ. ಉಳಿದ 27 ವಾರ ಬೆಂಗಳೂರು ಬಿಟ್ಟು ಕದಲಿಲ್ಲ. ವಾರಗಳನ್ನು ಎಣಿಸಿದರೆ 52ರಲ್ಲಿ 25, ಎಂದರೆ ಸುಮಾರು ಅರ್ಧ. ಸಂಸ್ಥೆಯವರು ಹೇಳಿದ್ದು ಸುಳ್ಳಲ್ಲ. ಆದರೆ ವಾರಕ್ಕೆ ಮೂರರಂತೆ ರಾತ್ರಿಗಳು 75 ಮಾತ್ರ, ವರ್ಷದ ಐದನೆಯ ಒಂದು ಪಾಲು. ಅದೂ ಸಮವಾಗಿ ಹಂಚಿದ್ದಲ್ಲ: ಮೂರು ತಿಂಗಳು ಬಿಡದೆ ಸುರಿದ ಮಳೆ, ಆಮೇಲೆ ಹನಿಯೂ ಇಲ್ಲ. ತಿಂಗಳಿಗೆ ಇಷ್ಟೆಂದು ಯಾವ ಅಂಕೆಯನ್ನು ಬರೆದರೂ ಅಂಥ ತಿಂಗಳೊಂದು ಆ ದಿನಚರಿಯಲ್ಲಿ ಸಿಕ್ಕುವುದು ಕಷ್ಟ.

ಮನೆ ಸೇರಿದಾಗ ರಾತ್ರಿ ಹನ್ನೆರಡು ಸಮೀಪಿಸಿತ್ತು. ಸಹಧರ್ಮಿಣಿ ಸಾರನ್ನು ಮೂರನೆಯ ಸಲ ಬಿಸಿಮಾಡುತ್ತಿದ್ದಳು. ಪ್ರತಿ ಗುರುವಾರವೂ ಹೀಗೆಯೇ ನಡೆಯುತ್ತಿತ್ತಂತೆ. ಒಂಬತ್ತು ಗಂಟೆಗೆ ಮಲಗುವ ನಮಗೆ ತಿಳಿದಿರಲಿಲ್ಲ.

ಮರುದಿನ ವರನ ತಾಯಿಯವರಿಗೆ ಈ ಲೆಕ್ಕವನ್ನೆಲ್ಲ ಒಂದನ್ನೂ ಮುಚ್ಚಿಡದೆ ಬರೆದೆವು. ಮುಂದಿನ ವರ್ಷ ಹೇಗೋ ಅವಳಿಗೂ ತಿಳಿಯದೆಂಬುದನ್ನೂ ಸೇರಿಸಿದೆವು. ಸಂಬಂಧ ಇಲ್ಲಿಗೆ ನಿಂತಿತೆಂದೇ ನಮ್ಮ ಎಣಿಕೆ. ಹತ್ತು ದಿನಕ್ಕೆ ಉತ್ತರ ಬಂದಿತು. ಅವರ ಯಜಮಾನರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರಂತೆ. ದಿನಗಳ ಲೆಕ್ಕಕ್ಕೆ ತಾವು ಹೆದರುವವರಲ್ಲ, ಬರುವ ದಿನ ಯಾವುದೆಂದು ಮುಂಚೆಯೇ ತಿಳಿದರೆ ಸಾಕು ಎಂದಿದ್ದರು.

ಗುರುವಾರ ರಾತ್ರಿ ಎಂದು ಬರೆದೆವು. ಪತ್ರವನ್ನು ಓದಿದ ಮಗಳು ಲೇಖನಿಯನ್ನು ತೆಗೆದುಕೊಂಡು, ವಿಮಾನ ತಡವಾಗದಿದ್ದರೆ, ಎಂದು ಕೆಳಗೆ ಸೇರಿಸಿದಳು.