ನಾಲ್ಕು ಕ್ಲೋರಿನ್‌ಗಳ ಲೆಕ್ಕ

1/6

ಫೋಟೋದಲ್ಲಿರೋದು ನಮ್ಮನೆ ಬಾತ್‌ರೂಮ್ ನೆಲ. ಸೂರ್ಯಾಸ್ತ, ಕಾಫಿ ಕಪ್ ನೋಡೋಕೆ ಬಂದವರು ಕ್ಷಮಿಸಿ. ಮೂಲೆಯಲ್ಲಿ ಸಿಮೆಂಟ್ ಸ್ವಲ್ಪ ತಿಂದುಹೋಗಿರೋ ಜಾಗ ಕಾಣ್ತಿದೆಯಲ್ಲ, ಈ ಸಲದ ಕಥೆ ಅಲ್ಲಿಂದ ಶುರು.

ಕಳೆದ ಯುಗಾದಿಗೆ ಇನ್ನೂ ಎರಡು ದಿನ ಇತ್ತು. ಹಬ್ಬ ಅಂದ್ರೆ ಗೊತ್ತಲ್ಲ, ಅಮ್ಮ ಇಡೀ ಮನೆ ತೊಳೀತಾರೆ. ನಮ್ಮ ಬೀದೀಲಿ ಸೈಕಲ್ ಮೇಲೆ 'ಆಸಿಡ್... ಫಿನಾಯಿಲ್...' ಅಂತ ಕೂಗ್ಕೊಂಡು ಬರೋ ಅಣ್ಣನ ಹತ್ರ ಒಂದು ಬಾಟಲಿ ಆಸಿಡ್ ತಗೊಂಡಿದ್ರು. ಹಳೇ ಜ್ಯೂಸ್ ಬಾಟಲಿ. ಚೀಟಿ ಇಲ್ಲ, ಹೆಸರಿಲ್ಲ. ಅದನ್ನ ನೆಲಕ್ಕೆ ಹಾಕಿ ಉಜ್ಜಿದ್ರು, ಕಲೆ ಹೋಗಲಿಲ್ಲ. ಅದರ ಮೇಲೇ ಬ್ಲೀಚಿಂಗ್ ಪೌಡರ್ ಉದುರಿಸಿದ್ರು.

ಅಮ್ಮನ ಲೆಕ್ಕ ಸರಳ. ಇದೂ ಕ್ಲೀನ್ ಮಾಡುತ್ತೆ, ಅದೂ ಕ್ಲೀನ್ ಮಾಡುತ್ತೆ, ಎರಡೂ ಸೇರಿದ್ರೆ ಡಬಲ್ ಕ್ಲೀನ್.

ನಾನು ಹಾಲ್‌ನಲ್ಲಿ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್‌ಗೆ ಓದ್ತಾ ಕೂತಿದ್ದೆ. ಮೊದಲು ಕೆಮ್ಮು ಕೇಳಿಸ್ತು. ಆಮೇಲೆ ಈಜುಕೊಳದ ವಾಸನೆ, ಅದಕ್ಕಿಂತ ಹತ್ತು ಪಟ್ಟು ಖಾರ. ಎದ್ದು ಹೋಗೋಷ್ಟರಲ್ಲಿ ಅಮ್ಮ ಗೋಡೆ ಹಿಡ್ಕೊಂಡು ಹೊರಗೆ ಬಂದಿದ್ರು. ಕಣ್ಣು ಕೆಂಪು. ಏನೋ ಹೇಳೋಕೆ ಬಾಯಿ ತೆರೀತಾರೆ, ಮಾತು ಬರ್ತಿಲ್ಲ.

2/6

ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಹೋದ್ವಿ. ಆಕ್ಸಿಜನ್ ಮಾಸ್ಕ್ ಹಾಕಿದ್ರು, ಸಂಜೆವರೆಗೂ ಇಟ್ಕೊಂಡ್ರು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: 'ಏನೇನು ಸೇರಿಸಿದ್ರು?'

ಹೇಳಿದೆ.

'ಕ್ಲೋರಿನ್' ಅಂದ್ರು. ಅಷ್ಟೇ.

ನನಗೆ ನೆನಪಾಗಿದ್ದೇನು ಗೊತ್ತಾ? ಹತ್ತನೇ ಕ್ಲಾಸಿನ ಎರಡು ಅಂಕದ ಪ್ರಶ್ನೆ. ಚೆಲುವೆ ಪುಡಿಯನ್ನು ಹೇಗೆ ತಯಾರಿಸುತ್ತಾರೆ, ಉಪಯೋಗ ಏನು. ಅರಳಿದ ಸುಣ್ಣದ ಮೇಲೆ ಕ್ಲೋರಿನ್ ಹಾಯಿಸಿದರೆ ಚೆಲುವೆ ಪುಡಿ. ಕುಡಿಯೋ ನೀರಿನ ಸೂಕ್ಷ್ಮಜೀವಿ ಕೊಲ್ಲೋಕೆ, ಹತ್ತಿಬಟ್ಟೆ ಬಿಳಿ ಮಾಡೋಕೆ. ಎರಡಕ್ಕೆ ಎರಡು ಅಂಕ ಬಂದಿತ್ತು.

ಆ ಪುಡಿಯೊಳಗೆ ಹೋದ ಕ್ಲೋರಿನ್ ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ಒಂದೇ ಒಂದು ಸಲ ಕೇಳ್ಕೊಂಡಿರಲಿಲ್ಲ. ಚೆಲುವೆ ಪುಡಿ ಅಂದ್ರೆ ಬಾತ್‌ರೂಮಿನ ಡಬ್ಬದಲ್ಲಿರೋ ಬ್ಲೀಚಿಂಗ್ ಪೌಡರೇ ಅಂತ ತಲೆಗೆ ಹೋಗಿರಲೂ ಇಲ್ಲ. ಒಂದು ಪುಸ್ತಕದ ಹೆಸರು, ಇನ್ನೊಂದು ಮನೆಯ ಹೆಸರು.

ಸಮೀಕರಣ ನೋಡಿದ್ರೆ ಹೆದರಿಕೆ ಅಂತಲೇ ಕಾಮರ್ಸ್ ತಗೊಂಡವನು ನಾನು. ನಿಮ್ಮಲ್ಲೂ ಅರ್ಧ ಜನ ಹಾಗೇ ಬಂದಿರೋದು, ಸುಳ್ಳು ಹೇಳಬೇಡಿ.

3/6

ಅಮ್ಮ ಮನೆಗೆ ಬಂದ ಮೇಲೆ ತಂಗಿಯ ವಿಜ್ಞಾನ ಪುಸ್ತಕ ತೆಗೆದೆ. ಈ ಸಲ ಅಂಕಕ್ಕಲ್ಲ.

ಮೊದಲನೇ ವಿಷಯ: ಮಿಶ್ರಣ ಬೇರೆ, ಸಂಯುಕ್ತ ಬೇರೆ. ಮಂಡಕ್ಕಿಗೆ ಶೇಂಗಾ ಹಾಕಿದ್ರೆ ಅದು ಮಿಶ್ರಣ. ಶೇಂಗಾ ಶೇಂಗಾ ಆಗೇ ಇರುತ್ತೆ, ನನ್ನ ತಂಗಿ ಥರದವರು ಆರಿಸಿ ಆರಿಸಿ ತಿಂತಾರೆ. ಸಂಯುಕ್ತದಲ್ಲಿ ಹಾಗಲ್ಲ. ಸೇರಿದವರು ತಮ್ಮ ಹಳೇ ಗುಣ ಬಿಟ್ಟುಬಿಡ್ತಾರೆ.

ಅಡುಗೆ ಉಪ್ಪನ್ನೇ ತಗೊಳ್ಳಿ. ಸೋಡಿಯಂ ಮೆತ್ತಗಿನ ಲೋಹ, ನೀರಿಗೆ ಬಿದ್ರೆ ಬೆಂಕಿ ಹತ್ತಬಹುದು, ಅದಕ್ಕೇ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡ್ತಾರೆ. ಕ್ಲೋರಿನ್ ಹಸಿರು-ಹಳದಿ ಬಣ್ಣದ ವಿಷಾನಿಲ. 23 ಗ್ರಾಂ ಸೋಡಿಯಂ, 35.5 ಗ್ರಾಂ ಕ್ಲೋರಿನ್ ಸೇರಿದ್ರೆ 58.5 ಗ್ರಾಂ ಉಪ್ಪು. ಯಾವಾಗಲೂ ಇದೇ ಅನುಪಾತ. ಒಬ್ಬ ಬೆಂಕಿ, ಒಬ್ಬ ವಿಷ, ಇಬ್ಬರೂ ಸೇರಿದ ಮೇಲೆ ನಾವು ಸಾರಿಗೆ ಹಾಕ್ಕೊಂಡು ಊಟ ಮಾಡ್ತೀವಿ.

ಹಾಗಾದ್ರೆ ಕ್ಲೋರಿನ್ ಒಳ್ಳೇದಾ ಕೆಟ್ಟದಾ? ಪ್ರಶ್ನೆಯೇ ತಪ್ಪು. ಅದು ಯಾರ ಜೊತೆ ಇದೆ, ಹೇಗೆ ಕಟ್ಟಿಕೊಂಡಿದೆ ಅನ್ನೋದು ಮುಖ್ಯ. ಉಪ್ಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಂಡು ಕೂತಿದೆ. ಬ್ಲೀಚಿಂಗ್ ಪೌಡರ್‌ನಲ್ಲಿ ಅಷ್ಟು ಗಟ್ಟಿಯಾಗಿಲ್ಲ, ಡಬ್ಬ ತೆಗೆದರೇ ಮೂಗಿಗೆ ಬಡಿಯುತ್ತಲ್ಲ.

4/6

ಎರಡನೇ ವಿಷಯ ಬಿಕಾಂನವರಿಗೆ ಇಷ್ಟ ಆಗುತ್ತೆ.

ರಾಸಾಯನಿಕ ಕ್ರಿಯೆ ಅಂದ್ರೆ ಹಳೇ ಬಂಧ ಮುರಿದು ಹೊಸ ಬಂಧ ಕಟ್ಟೋದು. ಪರಮಾಣುಗಳು ಹೊಸದಾಗಿ ಹುಟ್ಟಲ್ಲ, ಇದ್ದದ್ದು ಮಾಯ ಆಗಲ್ಲ, ಜಾಗ ಬದಲಾಯಿಸ್ತವೆ ಅಷ್ಟೇ. ಎಡಗಡೆ ಎಷ್ಟಿತ್ತೋ ಬಲಗಡೆ ಅಷ್ಟೇ ಇರಬೇಕು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ನಾವು ಏನಂತೀವಿ? ಎಲ್ಲೋ ಒಂದು ಎಂಟ್ರಿ ಬಿಟ್ಟಿದೀಯ ಅಂತೀವಿ. ಸಮೀಕರಣ ಸರಿದೂಗಿಸೋದೂ ಅದೇ ಕೆಲಸ. ಇಷ್ಟಕ್ಕೆ ನಾನು ಹೆದರಿ ಸೈನ್ಸ್ ಬಿಟ್ಟಿದ್ದೆ.

ಇನ್ನೊಂದು ಮಜಾ ಕೇಳಿ. ಈ ಲೆಕ್ಕವನ್ನು ರಸಾಯನಶಾಸ್ತ್ರದಲ್ಲಿ ಗಟ್ಟಿ ಮಾಡಿದ ಫ್ರಾನ್ಸಿನ ಲಾವಾಸಿಯೆಗೆ ಹೊಟ್ಟೆಪಾಡು ತೆರಿಗೆ ವಸೂಲಿಯದ್ದು. ರಾಜನ ಪರವಾಗಿ ತೆರಿಗೆ ಎತ್ತುವ ಸಂಸ್ಥೆಯಲ್ಲಿ ಪಾಲುದಾರ. ಪಾತ್ರೆ ಮುಚ್ಚಿ, ಕ್ರಿಯೆಗೆ ಮುಂಚೆ ಒಂದು ಸಲ, ಆದಮೇಲೆ ಒಂದು ಸಲ ತೂಕ ಹಾಕ್ತಿದ್ದ. 1789ರಲ್ಲಿ ಅವನ ರಸಾಯನಶಾಸ್ತ್ರದ ಪುಸ್ತಕ ಬಂತು. ಅದೇ ವರ್ಷ ಫ್ರೆಂಚ್ ಕ್ರಾಂತಿ ಶುರು. 1794ರಲ್ಲಿ ಆ ತೆರಿಗೆ ಕೆಲಸದ ಕಾರಣಕ್ಕೇ ಅವನ ತಲೆ ಹೋಯ್ತು, ಲೆಕ್ಕ ಮಾತ್ರ ಉಳೀತು.

5/6

ಈಗ ನಮ್ಮ ಬಾತ್‌ರೂಮಿನ ಲೆಕ್ಕ ಬರೆಯೋಣ. ಬಾತ್‌ರೂಮ್ ಆಸಿಡ್ ಅಂತ ಮಾರೋದು ಸಾಮಾನ್ಯವಾಗಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ.

ಚೆಲುವೆ ಪುಡಿ + ಹೈಡ್ರೋಕ್ಲೋರಿಕ್ ಆಮ್ಲ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕ್ಲೋರಿನ್ ಅನಿಲ

ಎಡಗಡೆ: ಪುಡಿಯಲ್ಲಿ ಕ್ಯಾಲ್ಸಿಯಂ ಒಂದು, ಆಕ್ಸಿಜನ್ ಒಂದು, ಕ್ಲೋರಿನ್ ಎರಡು. ಆಮ್ಲದ ಎರಡು ಅಣುಗಳಿಂದ ಹೈಡ್ರೋಜನ್ ಎರಡು, ಕ್ಲೋರಿನ್ ಎರಡು. ಒಟ್ಟು ಕ್ಲೋರಿನ್ ನಾಲ್ಕು.

ಬಲಗಡೆ: ಹೈಡ್ರೋಜನ್ ಎರಡೂ ಆಕ್ಸಿಜನ್ ಜೊತೆ ಹೋಗಿ ನೀರಾದವು. ಎರಡು ಕ್ಲೋರಿನ್ ಕ್ಯಾಲ್ಸಿಯಂ ಹಿಡ್ಕೊಂಡು ಲವಣ ಆಗಿ ನೆಲದಲ್ಲೇ ಉಳಿದವು. ಇನ್ನೆರಡು?

ಇನ್ನೆರಡು ಅಮ್ಮನ ಉಸಿರಿಗೆ ಹೋದವು.

ಈ ಸಾಲು ಬರೆದ ಮೇಲೆ ತುಂಬಾ ಹೊತ್ತು ಪೆನ್ ಕೆಳಗಿಟ್ಟು ಕೂತಿದ್ದೆ.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲೆ ಹೋಗಲ್ಲ, ನೆಲದ ಹತ್ರವೇ ನಿಲ್ಲುತ್ತೆ. ಕುಕ್ಕರುಗಾಲಲ್ಲಿ ಕೂತು ನೆಲ ಉಜ್ಜೋರ ಮುಖ ಎಲ್ಲಿರುತ್ತೆ, ನೀವೇ ಯೋಚಿಸಿ. ಕಣ್ಣು, ಗಂಟಲು, ಶ್ವಾಸಕೋಶದ ತೇವದ ಜೊತೆ ಸೇರಿ ಅಲ್ಲೇ ಆಮ್ಲ ಆಗುತ್ತೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಜರ್ಮನ್ ಸೇನೆ ಇದೇ ಅನಿಲವನ್ನು 150 ಟನ್‌ಗೂ ಹೆಚ್ಚು ಗಾಳಿಗೆ ಬಿಟ್ಟಿತ್ತು. ಭಾರ ಇದ್ದದ್ದಕ್ಕೆ ಕಂದಕಗಳೊಳಗೆ ಇಳಿದು ಸೈನಿಕರನ್ನು ಕೊಂದಿತು. ನಮ್ಮ ಮನೆಯಲ್ಲಿ ಹುಟ್ಟಿದ್ದು ತೀರಾ ಸ್ವಲ್ಪ, ಬಾಗಿಲೂ ತೆರೆದಿತ್ತು. ಪುಣ್ಯ.

6/6

ಸೇವ್ ಮಾಡ್ಕೊಳ್ಳೋದಾದ್ರೆ ಈ ಭಾಗ ಮಾಡ್ಕೊಳ್ಳಿ.

ಬ್ಲೀಚಿಂಗ್ ಪೌಡರ್‌ಗೆ ನೀರು ಬಿಟ್ಟು ಬೇರೇನೂ ಸೇರಿಸಬೇಡಿ. ಆಸಿಡ್ ಬೇಡ, ಟಾಯ್ಲೆಟ್ ಕ್ಲೀನರ್ ಬೇಡ (ತುಂಬಾ ಕ್ಲೀನರ್‌ಗಳಲ್ಲಿ ಇದೇ ಆಮ್ಲ ಇರುತ್ತೆ), ಅಮೋನಿಯಾ ಇರೋದೂ ಬೇಡ, ಅದರಿಂದ ಬೇರೆ ವಿಷಾನಿಲ ಬರುತ್ತೆ. ಒಂದು ವೇಳೆ ಸೇರಿಬಿಟ್ರೆ ಅಲ್ಲೇ ನಿಂತು ತೊಳೆಯೋಕೆ ಹೋಗಬೇಡಿ. ಮೊದಲು ಹೊರಗೆ, ಒಳ್ಳೇ ಗಾಳಿಗೆ ಬನ್ನಿ. ಕಣ್ಣು ಉರಿದ್ರೆ ನೀರಲ್ಲಿ ತುಂಬಾ ಹೊತ್ತು ತೊಳೀರಿ. ಉಸಿರು ಕಟ್ಟಿದ್ರೆ, ಕೆಮ್ಮು ನಿಲ್ಲದಿದ್ರೆ ಆಸ್ಪತ್ರೆಗೆ ಹೋಗಿ, ಏನೇನು ಸೇರಿಸಿದ್ರಿ ಅಂತ ಸರಿಯಾಗಿ ಹೇಳಿ.

ಅಮ್ಮನಿಗೆ ಒಂದು ವಾರ ಕೆಮ್ಮು ಇತ್ತು. ಆ ವಾರದಲ್ಲೇ ಒಂದು ರಾತ್ರಿ ಕೇಳಿದ್ರು, 'ಇದೆಲ್ಲಾ ನಿಮ್ಮ ಪುಸ್ತಕದಲ್ಲಿ ಇತ್ತೇನೋ?'

'ಅರ್ಧ ಇತ್ತಮ್ಮ' ಅಂದೆ.

'ಮತ್ತೆ ಹೇಳಲೇ ಇಲ್ವಲ್ಲ.'

ಬೈದಿದ್ದಲ್ಲ. ಸುಮ್ನೆ ಹೇಳಿದ್ದು. ಆದ್ರೆ ಅದಕ್ಕೆ ಉತ್ತರ ನನ್ನ ಹತ್ರ ಇವತ್ತಿಗೂ ಇಲ್ಲ. ಅಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರು ಬಿಟ್ಟ ಜಾಗದಿಂದ ಮುಂದಕ್ಕೆ ಓದಿದ್ದು ನಾವು. ಓದಿ, ಬರೆದು, ಅಂಕ ತಗೊಂಡು, ಅಲ್ಲೇ ಬಿಟ್ಟು ಬಂದ್ವಿ.

ಈಗ ನಮ್ಮನೆಯಲ್ಲಿ ಆಸಿಡ್ ಇಲ್ಲ. ಬ್ಲೀಚಿಂಗ್ ಪೌಡರ್ ಡಬ್ಬದ ಮೇಲೆ ಅಮ್ಮನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದಾರೆ: 'ನೀರು ಮಾತ್ರ'. ಎರಡನೇ ಫೋಟೋ ಅದೇ, ಸ್ವೈಪ್ ಮಾಡಿ.

ಹತ್ತನೇ ಕ್ಲಾಸಿನ ತಮ್ಮಂದಿರೇ, ತಂಗಿಯರೇ, ಇವತ್ತು ಓದಿದ್ದರಲ್ಲಿ ಒಂದನ್ನ ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿ. ಕಾಲೇಜಿನ ನನ್ನ ದೋಸ್ತರೇ, ಇದನ್ನ ಫ್ಯಾಮಿಲಿ ಗ್ರೂಪ್‌ಗೆ ಹಾಕಿ. ಲೈಕ್ ಬೇಡ, ಅದು ಸಾಕು.

#ಬಿಕಾಂಹುಡುಗನಕೆಮಿಸ್ಟ್ರಿ #ನೀರುಮಾತ್ರ #ಎಸ್ಸೆಸ್ಸೆಲ್ಸಿ