ಈರಪ್ಪನ ಹೆಸರು ಬರಕೊಂಡ್ರ ಏನು ಲಾಭ?

ಗಂಗಕ್ಕಾ,

ರೋಣದಿಂದ ನೀವು ಹಾಕಿದ ಪತ್ರ ಮುಟ್ಟಿತು. ನಿಮ್ಮ ಮೈದುನ ಈರಪ್ಪನ ಕುತ್ತಿಗೆಯ ಗಂಟು ಟಿಬಿ ಅಲ್ಲ, ಟಿ-ಸೆಲ್ ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅವನು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಯಾಗಿತ್ತು ಎಂದು ಬರೆದಿದ್ದೀರಿ. ನಮ್ಮ ಕಡೆ ಇದು ಹೊಸ ಕಥೆಯಲ್ಲ. ಕುತ್ತಿಗೆಯಲ್ಲಿ ಗಂಟು ಎಂದರೆ ಮೊದಲು ಟಿಬಿಯ ಅನುಮಾನವೇ ಬರುವುದು, ಬಹಳ ಸಲ ಅದು ಸರಿಯೂ ಆಗಿರುತ್ತದೆ. ತಡವಾಯಿತೆಂಬ ಸಿಟ್ಟನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಖರೇ ಪ್ರಶ್ನೆ ಇರುವುದು ಪತ್ರದ ಕೊನೆಯಲ್ಲಿ: "ದವಾಖಾನ್ಯಾಗ ರಿಜಿಸ್ಟ್ರಿ ಅಂತ ಒಂದು ಫಾರ್ಮಿಗೆ ಸಹಿ ಕೇಳ್ಯಾರ. ಔಷಧ ಕೊಡೂದಿಲ್ಲ, ರೊಕ್ಕ ಕೊಡೂದಿಲ್ಲ, ಬರೇ ಬರಕೋತಾರಂತ. ಬರಕೊಂಡ್ರ ನಮಗೇನು ಲಾಭ?"

ಈರಪ್ಪನಿಗೆ ನೇರವಾಗಿ ಏನೂ ಲಾಭವಿಲ್ಲ. ಇದ್ದದ್ದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಅವನಿಗೆ ಯಾವ ಔಷಧ, ಎಷ್ಟು ಸುತ್ತು, ಆಮೇಲೆ ಏನು ಎಂದು ಡಾಕ್ಟರು ಈಗ ಹೇಳುತ್ತಿದ್ದಾರಲ್ಲ, ಅದಷ್ಟೂ ಇವನಿಗಿಂತ ಮುಂಚೆ ಎಲ್ಲೆಲ್ಲೋ ಹೆಸರು ಬರೆಸಿದವರಿಂದ ಬಂದದ್ದು.

ಲಿಂಫೋಮಾಗಳಲ್ಲಿ ಹೆಚ್ಚಿನವು ಬಿ-ಸೆಲ್‌ನವು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2,773 ಲಿಂಫೋಮಾಗಳನ್ನು ವಿಂಗಡಿಸಿ 2000ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಟಿ-ಸೆಲ್‌ನವು ನೂರಕ್ಕೆ ಹದಿನಾರರಷ್ಟು. ಆ ಹದಿನಾರರೊಳಗೂ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ. ಒಂದರ ನಡೆ ಇನ್ನೊಂದಕ್ಕಿಲ್ಲ. ಹೀಗಾಗಿ ಒಬ್ಬ ಡಾಕ್ಟರು ಒಂದೇ ಊರಿನಲ್ಲಿ ಕೂತು ಒಂದೊಂದು ಬಗೆಯನ್ನೂ ಕಲಿಯುವಷ್ಟು ರೋಗಿಗಳನ್ನು ನೋಡಲಾರರು. ಈ ಔಷಧ ಅರ್ಧ ಜನಕ್ಕೆ, ಆ ಔಷಧ ಅರ್ಧ ಜನಕ್ಕೆ ಎಂದು ಕೊಟ್ಟು ಹೋಲಿಸೋಣವೆಂದರೆ ಅಷ್ಟು ಜನ ಕೂಡುವುದೇ ಕಷ್ಟ. ಉಳಿಯುವ ಮುಖ್ಯ ದಾರಿ ಇದು: ಎಲ್ಲ ಕಡೆಯವರನ್ನೂ ಒಂದು ಕಡೆ ಬರೆದಿಟ್ಟು, ಮುಂದೆ ಏನಾಯಿತೆಂದು ವರ್ಷಾನುಗಟ್ಟಲೆ ಕೇಳುತ್ತ ಹೋಗುವುದು.

ಹಾಗೆ ಕೂಡಿಸಿದ ದೊಡ್ಡ ಲೆಕ್ಕ 2008ರಲ್ಲಿ ಹೊರಬಂತು. 22 ಕೇಂದ್ರಗಳು, 1990ರಿಂದ 2002ರವರೆಗಿನ 1,314 ರೋಗಿಗಳು. ಎಲ್ಲರ ಸ್ಲೈಡುಗಳನ್ನೂ ತಜ್ಞರು ಹೊಸದಾಗಿ ನೋಡಿದರು. ನೋಡಿದರೆ ಹತ್ತರಲ್ಲಿ ಒಂದು ಟಿ-ಸೆಲ್ ಲಿಂಫೋಮಾವೇ ಅಲ್ಲ! ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೇ ಈ ಪಾಡು. ಇನ್ನೊಂದು ಸಂಗತಿ: ಸಲೈನಿನಲ್ಲಿ ಹನಿಯುವ ಕೆಂಪು ಔಷಧವನ್ನು ನೀವು ನೋಡಿರುತ್ತೀರಿ. ಹೆಚ್ಚಾಗಿ ಕಾಣುವ ಎರಡು ಬಗೆಗಳಲ್ಲಿ ಆ ಜಾತಿಯ ಔಷಧ ಕೊಟ್ಟವರಿಗೂ ಕೊಡದವರಿಗೂ ಆಯುಸ್ಸಿನಲ್ಲಿ ವ್ಯತ್ಯಾಸ ತೋರಲಿಲ್ಲ. ಹಾಗಂತ ಈರಪ್ಪ ನಾಳೆಯ ಕೆಮೋ ತಪ್ಪಿಸಬೇಕಿಲ್ಲ, ದಯವಿಟ್ಟು ತಪ್ಪಿಸಗೊಡಬೇಡಿ. ಅದು ಹಳೆಯ ಫೈಲು ಕೆದಕಿ ತೆಗೆದ ಲೆಕ್ಕ. ಯಾರಿಗೆ ಯಾಕೆ ಕೊಟ್ಟರು, ಯಾರಿಗೆ ಯಾಕೆ ಕೊಡಲಿಲ್ಲ ಎಂಬುದು ಫೈಲಿನಲ್ಲಿ ಪೂರ್ತಿ ಸಿಗುವುದಿಲ್ಲ. ಆ ಕೊರತೆ ಲೆಕ್ಕ ಮಾಡಿದವರಿಗೂ ಗೊತ್ತಿತ್ತು. 2006ರಲ್ಲೇ ಇಟಲಿಯ ಮೊಡೆನಾದಿಂದ, ಮಾಸ್ಸಿಮೊ ಫೆಡೆರಿಕೊ ಅವರ ಮುಂದಾಳುತನದಲ್ಲಿ, 'ಟಿ-ಸೆಲ್ ಪ್ರಾಜೆಕ್ಟ್' ಎಂಬ ರಿಜಿಸ್ಟ್ರಿ ಶುರುವಾಗಿತ್ತು. ಅದರಲ್ಲಿ ರೋಗ ಗುರುತಾದ ಹೊತ್ತಿನಿಂದಲೇ ಬರೆಯುತ್ತಾರೆ, ಆಮೇಲೆ ಹಿಂಬಾಲಿಸುತ್ತಾರೆ. ನಿಮಗೆ ಬಂದಿರುವ ಫಾರ್ಮೂ ಇದೇ ನಮೂನೆಯದು ಎಂದು ನೀವು ಬರೆದದ್ದರಿಂದ ತಿಳಿಯುತ್ತದೆ.

ಇಂಥ ದಾಖಲೆಗಳಿಂದ ಬಂದ ಇನ್ನೊಂದು ಮಾತನ್ನು ಈರಪ್ಪನ ಮುಂದೆ ಹೇಳಬಹುದು. ಅಮೆರಿಕ, ಸ್ವೀಡನ್, ಕೆನಡಾಗಳ 775 ರೋಗಿಗಳ ದಾಖಲೆ ಕೂಡಿಸಿ 2017ರಲ್ಲಿ ಲೆಕ್ಕ ಹಾಕಿದರು. ಮೊದಲ ಎರಡು ವರ್ಷ ರೋಗ ಮರಳದೆ ದಾಟಿದವರಲ್ಲಿ ನೂರಕ್ಕೆ 78 ಮಂದಿ ಅಲ್ಲಿಂದ ಮುಂದೆ ಮತ್ತೆ ಐದು ವರ್ಷ ಬದುಕಿದ್ದರು. ಎರಡು ವರ್ಷದೊಳಗೇ ಮರಳಿ ಬಂದವರ ಲೆಕ್ಕ ಕಹಿ. ಅದನ್ನು ನೀವು ಕೇಳಿದರೆ ಮಾತ್ರ ಹೇಳುತ್ತೇನೆ.

ಇಷ್ಟೆಲ್ಲ ಹೊರದೇಶದ ಮಾತಾಯಿತು, ನಮ್ಮಲ್ಲಿ ಇಲ್ಲವೇ ಎನ್ನುತ್ತೀರಿ. ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ 1982ರ ಜನವರಿಯಿಂದ ಲೆಕ್ಕ ಹಿಡಿಯತೊಡಗಿದಾಗ ಮೊದಲ ಕೆಲವೇ ಊರುಗಳಲ್ಲಿ ಬೆಂಗಳೂರೂ ಒಂದು. ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಸಿಬ್ಬಂದಿ ಆಸ್ಪತ್ರೆ, ಲ್ಯಾಬು, ಮರಣ ನೋಂದಣಿ ಕಚೇರಿಗಳನ್ನು ತಾವೇ ಸುತ್ತಿ ಹೆಸರು ಹೆಕ್ಕುತ್ತ ಬಂದರು. ಆದರೆ ಅಲ್ಲೊಂದು ನಿಯಮವಿದೆ. ಅದು ಊರಿನ ಜನರ ಲೆಕ್ಕ. ಕನಿಷ್ಠ ಒಂದು ವರ್ಷ ಅಲ್ಲಿ ವಾಸವಿದ್ದವರಷ್ಟೇ ಸೇರುತ್ತಾರೆ. ನರಗುಂದ ತಾಲೂಕಿನವನು ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದರೆ ಆಸ್ಪತ್ರೆಯ ದಾಖಲೆಗೆ ಬರುತ್ತಾನೆಯೇ ಹೊರತು ಬೆಂಗಳೂರಿನ ಲೆಕ್ಕಕ್ಕಲ್ಲ. ಹಳ್ಳಿಯ ಲೆಕ್ಕ ಬೇಕೆಂದರೆ ಹಳ್ಳಿಗೇ ಹೋಗಬೇಕು. ಅದನ್ನು ಮಾಡಿ ತೋರಿಸಿದ್ದು ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿ. 1987ರಲ್ಲಿ ಅಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ರೋಗಿ ಬರಲೆಂದು ಕಾಯದೆ ಕಾರ್ಯಕರ್ತರೇ ಊರೂರು ತಿರುಗಿ, ಮಂದಿಯನ್ನು ಮಾತಾಡಿಸಿ, ಲಕ್ಷಣ ಇದ್ದವರನ್ನು ಆಸ್ಪತ್ರೆಗೆ ಕರೆತಂದರು. ನನ್ನ ಮಟ್ಟಿಗೆ ಮೊಡೆನಾಕ್ಕಿಂತ ಬಾರ್ಶಿಯದೇ ದೊಡ್ಡ ಕೆಲಸ.

ಹೆಸರು ಬರೆದ ಮೇಲೆ ಹಿಂಬಾಲಿಸುವುದು ಇನ್ನೊಂದು ಕಷ್ಟ. ಸ್ವೀಡನ್ನಿನಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರು. ಆ ನಂಬರು ಹಾಕಿದರೆ ಮನುಷ್ಯ ಇದ್ದಾನೋ ಇಲ್ಲವೋ ತಿಳಿಯುತ್ತದೆ. ನಮ್ಮ ಈರಪ್ಪನನ್ನು ನೋಡಿ. ಮನೆಯಲ್ಲಿ ಈರಪ್ಪ, ಆಧಾರಿನಲ್ಲಿ ವೀರಪ್ಪ, ಶಾಲೆಯ ದಾಖಲೆಯಲ್ಲಿ ವೀರಭದ್ರಪ್ಪ. ಊರು ಕೊಣ್ಣೂರು. ಯಾವ ಕೊಣ್ಣೂರು? ನರಗುಂದ ತಾಲೂಕಿನದೋ, ಗೋಕಾಕದ ಹತ್ತಿರದ್ದೋ? ನರೇಗಲ್ಲಿನದೂ ಇದೇ ಫಜೀತಿ: ಒಂದು ಗಜೇಂದ್ರಗಡದ ಕಡೆ, ಇನ್ನೊಂದು ಹಾನಗಲ್ಲಿನ ಕಡೆ. ಫೈಲು ಮನೆಯಲ್ಲಿದೆ ಎನ್ನೋಣವೆಂದರೆ, 2019ರ ಆಗಸ್ಟಿನಲ್ಲಿ ಮಲಪ್ರಭೆ ಕೊಣ್ಣೂರಿಗೆ ಹೇಗೆ ನುಗ್ಗಿತೆಂದು ನಿಮಗೆ ನಾನು ಹೇಳಬೇಕೆ? ಇದರ ಮೇಲೆ ಗುಳೆ. ಕೆಮೋ ಮುಗಿದು ಮೈಯಲ್ಲಿ ಒಂದಿಷ್ಟು ಕಸುವು ಬಂತೋ, ಗೋವಾಕ್ಕೋ ಮಂಗಳೂರಿಗೋ ಕೆಲಸಕ್ಕೆ ಹೊರಟೇ ಬಿಡುತ್ತಾರೆ, ಸಿಮ್ ಬದಲಾಗುತ್ತದೆ.

ಆಗ ರಿಜಿಸ್ಟ್ರಿಯಲ್ಲಿ ಅವನ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಆ ಅರ್ಧ ಸಾಲೇ ಅಪಾಯ. ಹಾಗೆ ತಪ್ಪಿಹೋದವರಲ್ಲಿ ಗುಣವಾಗಿ ದುಡಿಯಲು ಹೋದವರೂ ಇರುತ್ತಾರೆ, ಮನೆಯಲ್ಲೇ ತೀರಿಕೊಂಡು ಯಾರಿಗೂ ತಿಳಿಸದೆ ಹೋದವರೂ ಇರುತ್ತಾರೆ. ತೀರಿಕೊಂಡವರೇ ಹೆಚ್ಚು ತಪ್ಪಿಹೋದರೆ ಔಷಧ ಇದ್ದದ್ದಕ್ಕಿಂತ ಚಲೋ ಎಂದು ಲೆಕ್ಕ ತೋರಿಸುತ್ತದೆ. ಗುಣವಾದವರೇ ತಪ್ಪಿಹೋದರೆ ಉಲ್ಟಾ. ಅದಕ್ಕೇ ರಿಜಿಸ್ಟ್ರಿಯವರು ಮತ್ತೆ ಮತ್ತೆ ಫೋನ್ ಮಾಡುವುದು. ಆ ಫೋನು ಒಮ್ಮೊಮ್ಮೆ ಬರಬಾರದ ಹೊತ್ತಿಗೆ ಬರುತ್ತದೆ, ಮನೆಯವರು ಬೈದು ಇಡುತ್ತಾರೆ. ಬೈಯುವುದು ತಪ್ಪೆಂದು ಹೇಳಲಾರೆ. ಆದರೂ ಒಂದು ಮಾತು ತಿಳಿಸಿ ಇಟ್ಟರೆ ಆ ಸಾಲು ಪೂರ್ತಿಯಾಗುತ್ತದೆ.

ರಿಜಿಸ್ಟ್ರಿಯೇ ಸರ್ವಸ್ವವೆಂದೂ ತಿಳಿಯಬೇಡಿ. ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರು ಹೆಚ್ಚು ಬದುಕಿದರೆಂದು ಅದು ತೋರಿಸಬಹುದು. ಕಸಿಗೆ ಆರಿಸಿದ್ದೇ ವಯಸ್ಸು ಕಡಿಮೆ ಇದ್ದ ಗಟ್ಟಿಮುಟ್ಟಾದವರನ್ನು ಎಂದ ಮೇಲೆ, ಉಳಿಸಿದ್ದು ಕಸಿಯೋ ಅವರ ಕಸುವೋ ಎಂದು ಹೇಳುವುದು ಕಷ್ಟ.

ಸಹಿ ಮಾಡಬೇಕೋ ಬೇಡವೋ ಅದು ಈರಪ್ಪನ ಇಚ್ಛೆ, ನಿಮ್ಮದೂ ಅಲ್ಲ ನನ್ನದೂ ಅಲ್ಲ. ಒಲ್ಲೆ ಎಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ, ಆಮೇಲೆ ಮನಸ್ಸು ಬದಲಾದರೆ ಹಿಂದೆ ಸರಿಯಬಹುದು. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಲ್ಲೇ ಅದಿದೆ. ಹೆಸರು ಯಾರ ಹತ್ತಿರ ಇರುತ್ತದೆ, ಹೊರಗೆ ಹೋಗುವಾಗ ಬರೇ ನಂಬರಾಗಿ ಹೋಗುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಕನ್ನಡದಲ್ಲಿ ಓದಿ ಹೇಳುವವರೆಗೆ ಸಹಿ ಬೇಡ.

ಮಾಡುವುದಾದರೆ ಹೆಸರು ಆಧಾರಿನಲ್ಲಿದ್ದಂತೆಯೇ ಇರಲಿ. ಊರಿನ ಮುಂದೆ ತಾಲೂಕು ನರಗುಂದ, ಜಿಲ್ಲೆ ಗದಗ ಎಂದು ಬರೆಸಿ. ಎರಡನೆಯ ಫೋನ್ ನಂಬರಿಗೆ ಗಜೇಂದ್ರಗಡದಲ್ಲಿರುವ ಅವನ ಮಗಳದು ಕೊಡಿ, ಅವಳು ಗುಳೆ ಹೋಗುವವಳಲ್ಲ. ಗಂಟಿನ ತುಣುಕನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕ್ ಒಂದಿರುತ್ತದೆ, ಬೆಂಕಿಪೊಟ್ಟಣಕ್ಕಿಂತ ಸಣ್ಣದು. ಬಯಾಪ್ಸಿ ಮಾಡಿದ ಲ್ಯಾಬಿನಿಂದ ಅದನ್ನೂ ಸ್ಲೈಡುಗಳನ್ನೂ ಕೇಳಿ ಪಡೆಯಿರಿ; ಮತ್ತೊಬ್ಬರು ನೋಡಬೇಕಾದರೆ ರಿಪೋರ್ಟಿಗಿಂತ ಅದೇ ಮುಖ್ಯ. ಒಯ್ಯುವಾಗ ಬಿಸಿಲು ಬೀಳುವ ಬಸ್ಸಿನ ಕಿಟಕಿಯ ಹತ್ತಿರ ಇಡಬೇಡಿ, ಮೇಣ ಕರಗೀತು.

ರಿಪೋರ್ಟಿನ ಫೋಟೋ ಕಳಿಸಿದ್ದೀರಿ, ಆದರೆ ಎರಡನೆಯ ಪುಟ ಬಂದಿಲ್ಲ. ಮೊದಲ ಪುಟದಲ್ಲಿ ಅನಾಪ್ಲಾಸ್ಟಿಕ್ ಲಾರ್ಜ್ ಸೆಲ್ ಎಂದಿದೆ. 2008ರ ಅದೇ ಲೆಕ್ಕದಲ್ಲಿ ಈ ಬಗೆಯವರ ಪೈಕಿ ಎಎಲ್‌ಕೆ ಎಂಬ ಪ್ರೋಟೀನಿನ ಪರೀಕ್ಷೆ ಪಾಸಿಟಿವ್ ಇದ್ದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 70, ನೆಗೆಟಿವ್ ಇದ್ದವರಲ್ಲಿ 49. ಎರಡನೆಯ ಪುಟದಲ್ಲಿ ಎಎಲ್‌ಕೆ ಎಂಬ ಸಾಲು ಹುಡುಕಿ, ಎದುರಿಗೆ ಏನಿದೆಯೆಂದು ನೋಡಿ ಫೋನ್ ಮಾಡಿ. ಆ ಸಾಲೇ ಇಲ್ಲದಿದ್ದರೂ ಮಾಡಿ. ಆ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರನ್ನು ಕೇಳೋಣ.

ಇಂತಿ,
ನಿಮ್ಮ ತಮ್ಮ